ಭಿನ್ನಮತದ ತೀರ್ಪು ಮತ್ತು ಬೆಂಗಳೂರಿನ ಸೆರೆಮನೆ

ಎ.ಡಿ.ಎಂ. ಜಬಲ್ಪುರ ಮೊಕದ್ದಮೆಯಲ್ಲಿ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪನ್ನು ನಾವು ಎಚ್.ಆರ್. ಖನ್ನಾ ಅವರೊಬ್ಬರ ಕಥೆಯಾಗಿಯೇ ಹೇಳುತ್ತ ಬಂದಿದ್ದೇವೆ. ತುರ್ತು ಪರಿಸ್ಥಿತಿ ಇರುವವರೆಗೆ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗೆ ನೆಲೆಯಿಲ್ಲವೆಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು, ಖನ್ನಾ ಒಪ್ಪಲಿಲ್ಲ. ಮರುವರ್ಷ ಅವರನ್ನು ಬದಿಗಿಟ್ಟು ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಒಂಟಿ ವೀರನ ಚಿತ್ರದ ಹಿಂದೆ ಒಂಬತ್ತು ಹೈಕೋರ್ಟುಗಳು ಮರೆಯಾಗಿವೆ. ಅರ್ಜಿ ಕೇಳುವ ಅಧಿಕಾರವೇ ಇಲ್ಲವೆಂಬ ಸರ್ಕಾರದ ವಾದವನ್ನು ಅವು ಮೊದಲೇ ತಳ್ಳಿಹಾಕಿದ್ದವು. ಕರ್ನಾಟಕ ಹೈಕೋರ್ಟೂ ಅವುಗಳಲ್ಲೊಂದು. ಬೆಂಗಳೂರಿನಲ್ಲಿ ಸೆರೆಯಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊರೆಹೋದದ್ದು ಇಲ್ಲಿಗೇ. 1976ರಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಯಾಯಿತು, ಬೆಂಗಳೂರಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋಗಬೇಕಾಯಿತು. ಹಾಗಾಗಿ ಖನ್ನಾ ಅವರ ಭಿನ್ನಮತವನ್ನು ದೇಶದ ಕೆಳಗಿನ ಪೀಠಗಳಲ್ಲಿ ಆಗಲೇ ಪ್ರಚಲಿತವಾಗಿದ್ದ ನಿಲುವಿನ ಮುಂದುವರಿಕೆಯಾಗಿ ಓದುವುದೇ ಸರಿ. ಇದರಿಂದ ಅವರ ಧೈರ್ಯವೇನೂ ಕಿರಿದಾಗದು.

ಕಾನೂನಿನ ಮಟ್ಟಿಗೆ ಲೆಕ್ಕ ಬೇಗನೆ ಚುಕ್ತವಾಯಿತು. 1978ರ 44ನೇ ತಿದ್ದುಪಡಿ 20 ಮತ್ತು 21ನೇ ವಿಧಿಗಳನ್ನು ಅಮಾನತಿನ ಕೈಗೆ ಸಿಗದಂತೆ ಮಾಡಿತು. ಹಳೆಯ ತೀರ್ಪು ಔಪಚಾರಿಕವಾಗಿ ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ತೀರ್ಪು ತಪ್ಪೆಂದು ಬರೆದವರು ಅವರ ಮಗನೇ.

ಸತ್ಯದ ಪ್ರಶ್ನೆ ಮಾತ್ರ ಬೇರೆಯೇ ಇದೆ. ಬಂಧಿತರಿಗೆ ಒಳ್ಳೆಯ ವಸತಿ, ಊಟ ಸಿಗುತ್ತಿದೆ, ಸರ್ಕಾರದ ಕಾಳಜಿ ತಾಯಿಯದರಂತಿದೆ ಎಂಬ ಧಾಟಿಯಲ್ಲಿ ಬೇಗ್ ತಮ್ಮ ತೀರ್ಪಿನಲ್ಲಿ ಬರೆದಿದ್ದರು. ಅದು ಹೊರಬಿದ್ದ ಕೆಲವೇ ದಿನಗಳಲ್ಲಿ, ಮೇ ತಿಂಗಳಲ್ಲಿ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಲಾಯಿತು. ಅವರಿಗೆ ಆಸ್ತಮಾ ಇತ್ತು. ಸೆರೆಯಲ್ಲಿ ಅದು ಉಲ್ಬಣಿಸಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಅದೇ ತಿಂಗಳು ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಆಮೇಲೆ ಪ್ರಕಟವಾಯಿತು.

ಬೇಗ್ ಅವರ ಆ ಮಾತು ಕಾನೂನಿನ ವ್ಯಾಖ್ಯಾನವಲ್ಲ, ಸಂಗತಿಯ ಹೇಳಿಕೆ. ಯಾವ ಪೀಠವೂ ಅದನ್ನು ರದ್ದು ಮಾಡಲಾರದು. ಅದನ್ನು ಒರೆಗೆ ಹಚ್ಚಲು ಚರಿತ್ರಕಾರರಿಗೆ ಒದಗುವುದು ಇಂಥ ದಿನಚರಿಗಳು, ಪೆರೋಲ್ ಅರ್ಜಿಗಳು, ಜೈಲು ಆಸ್ಪತ್ರೆಯ ಕಡತಗಳು.