ತಾಯಿಯಿಂದ ಬಂದ ಗುರುತು

‘ಯಾರ ಮಗ?’ ಎಂದರೆ ನಾವು ತಂದೆಯ ಹೆಸರು ಹೇಳುತ್ತೇವೆ. ಉಡುಪಿ, ಕಾಪು, ಕಾರ್ಕಳದ ಬಂಟ, ಬಿಲ್ಲವ ಮನೆತನಗಳಲ್ಲಿ ಉತ್ತರ ಬೇರೆಯೇ ಇತ್ತು. ಅಲ್ಲಿನ ಅಳಿಯಸಂತಾನ ಕಟ್ಟಿನಲ್ಲಿ ಮಕ್ಕಳು ತಾಯಿಯ ‘ಬಳಿ’ಗೆ, ಅಂದರೆ ಆಕೆಯ ವಂಶಕ್ಕೆ ಸೇರಿದವರು. ಮನೆಯ ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ತಂದೆಯ ಪ್ರೀತಿ ಮಕ್ಕಳಿಗೆ, ಅವನ ಕುಟುಂಬದ ಆಸ್ತಿ ಅವನ ಸೋದರಿಯ ಮಕ್ಕಳಿಗೆ! ಕಾರ್ಕಳದ ಜೈನ ಭೈರರಸರೂ ಈ ಕಟ್ಟಿನವರೇ. ಉತ್ತರ ಮಲಬಾರಿನ ಮಾಪಿಳ್ಳೆ ಮುಸ್ಲಿಮರಲ್ಲೂ ಇಂಥದೇ ತಾಯಿಮನೆಗಳಿದ್ದವು. ಹಾಗಾಗಿ ಇದನ್ನು ಒಂದು ಧರ್ಮದ ಪದ್ಧತಿ ಎನ್ನಲಾಗದು.

1949ರ ಮದ್ರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಶಾಖೆಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಕಟ್ಟನ್ನು ಇನ್ನಷ್ಟು ಸಡಿಲಿಸಿತು. ಮಕ್ಕಳಿಗೆ ತಂದೆಯ ಸೊತ್ತಿನ ದಾರಿ ತೆರೆಯಿತು; ಹೆಣ್ಣಿಗೆ ಆಸರೆಯಾಗಿದ್ದ ತಾಯಿಮನೆಗಳು ಮಾತ್ರ ಹೋಳಾದವು. ಆದರೂ ಮದುವೆಯ ಮಾತು ಬಂದಾಗ ಹಿರಿಯರು ಇಂದಿಗೂ ವಿಚಾರಿಸುವುದು ತಾಯಿಯ ಬಳಿಯನ್ನೇ.