ಸೀಸೆಯ ಮೇಲಿನ ಅಕ್ಷರ ಓದೋಣ

ಕಚೇರಿಯ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡನ್ನು, ಅಂದರೆ ಪೇಪರ್‌ವೇಟನ್ನು, ನೀವು ನೋಡಿದ್ದೀರಿ. 1845ರಿಂದ 1860ರವರೆಗೆ ಫ್ರಾನ್ಸಿನ ಬಾಕಾರಾ, ಸೇಂಟ್ ಲೂಯಿ ಮತ್ತು ಕ್ಲಿಶಿ ಕಾರ್ಖಾನೆಗಳಲ್ಲಿ ತಯಾರಾದ ಪೇಪರ್‌ವೇಟುಗಳನ್ನು ಇಂದು ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ತಯಾರಕರ ಹೆಸರಿಲ್ಲ. ಬಾಕಾರಾದ ಕೆಲವು ಗುಂಡುಗಳೊಳಗೆ ಬಣ್ಣದ ಚಿತ್ತಾರದ ನಡುವೆ 'ಬಿ' ಅಕ್ಷರವೂ 1848ರಂಥ ಇಸವಿಯೂ ಅಡಗಿವೆ. ಉಳಿದವನ್ನು ಬಣ್ಣ, ತೂಕ, ಚಿತ್ತಾರದ ಆಕಾರ ನೋಡಿ ಗುರುತಿಸುತ್ತಾರೆ. ಅಲ್ಲಿ ವಸ್ತುವೇ ದಾಖಲೆ.

ಈ ವಿದ್ಯೆ ಕಲಿಯಲು ಶಿರಸಿ, ಸಿದ್ದಾಪುರ, ಯಲ್ಲಾಪುರದವರಾದ ನಾವು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಗೋಲಿ ಸೋಡಾದ ಒಂದು ಹಳೆಯ ಸೀಸೆ ಸಾಕು. 'ಸೀಸೆ' ಎಂಬ ಮಾತೇ ಒಂದು ಇತಿಹಾಸ. ಗಾಜಿಗೆ ಫಾರಸಿ, ಉರ್ದುಗಳಲ್ಲಿರುವ 'ಶೀಶಾ' ಎಂಬ ಪದದಿಂದ ಅದು ಕನ್ನಡಕ್ಕೆ ಬಂದಿದೆ.

ಗೋಲಿ ಇರುವ ಈ ಸೀಸೆಯನ್ನು ರೂಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್ (1838-1887). 1872ರಲ್ಲಿ ಅವನಿಗೆ ಇದರ ಪೇಟೆಂಟ್ ದೊರೆಯಿತು. ಸೀಸೆಯನ್ನು ತಲೆಕೆಳಗಾಗಿ ಹಿಡಿದು ಸೋಡಾ ತುಂಬಿದಾಗ ಒಳಗಿನ ಅನಿಲವು ಗೋಲಿಯನ್ನು ಬಾಯಿಯಲ್ಲಿರುವ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರಬಾರದೆಂದೇ ಕುತ್ತಿಗೆಯನ್ನು ಅಷ್ಟು ವಿಚಿತ್ರವಾಗಿ ಹಿಸುಕಿದ್ದಾರೆ. 1892ರಲ್ಲಿ ಅಮೆರಿಕದ ವಿಲಿಯಮ್ ಪೇಂಟರ್ ತಗಡಿನ ಬಿರಡೆಗೆ ಪೇಟೆಂಟ್ ಪಡೆದ ಮೇಲೆ ಪಶ್ಚಿಮದಲ್ಲಿ ಗೋಲಿ ಸೀಸೆ ನಿಧಾನವಾಗಿ ಮೂಲೆ ಸೇರಿತು. ನಮ್ಮ ದೇಶದಲ್ಲಿ ಉಳಿಯಿತು. ಉತ್ತರ ಪ್ರದೇಶದ ಹಾಥ್‌ರಸ್ ಬಳಿಯ ಸಾಸನಿ ಊರು ಈ ಸೀಸೆಗಳ ತಯಾರಿಕೆಗೆ ಹೆಸರಾಯಿತು.

ಇನ್ನು ಸೀಸೆಯನ್ನು ಓದುವುದು ಹೇಗೆ? ಮೈಮೇಲಿನ ಉಬ್ಬು ಅಕ್ಷರಗಳನ್ನು ನೋಡಿರಿ. ಎದುರಿಗೆ ದೊಡ್ಡದಾಗಿ ಇರುವುದು ಸಾಮಾನ್ಯವಾಗಿ ಸೋಡಾ ತುಂಬಿ ಮಾರಿದವರ ಹೆಸರು. ಗಾಜು ಮಾಡಿದವರ ಹೆಸರು ಹಿಂಬದಿಯಲ್ಲೋ ಬುಡದ ಹತ್ತಿರವೋ ಚಿಕ್ಕದಾಗಿ ಇರುತ್ತದೆ. ಇವೆರಡನ್ನು ಒಂದೇ ಎಂದು ತಿಳಿಯಬಾರದು. ಬಾರ್ನ್ಸ್‌ಲಿ ಊರಿನ ರೈಲೆಂಡ್ಸ್ ಕುಟುಂಬದವರು 1877ರಲ್ಲಿ ಕಾಡ್‌ನ ಪಾಲುದಾರರಾದರು. 1884ರಲ್ಲಿ ಡ್ಯಾನ್ ರೈಲೆಂಡ್ಸ್ ಅವನ ಪಾಲನ್ನು ಕೊಂಡನು. ಆದ್ದರಿಂದ ಎರಡೂ ಹೆಸರು ಒಟ್ಟಿಗೆ ಇದ್ದರೆ ಒಂದು ಕಾಲ, ಡ್ಯಾನ್ ರೈಲೆಂಡ್ಸ್ ಹೆಸರು ಮಾತ್ರ ಇದ್ದರೆ ಇನ್ನೊಂದು ಕಾಲ ಎಂದು ಅಂದಾಜು ಮಾಡಬಹುದು.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆದ್ದರಿಂದ ಇಲ್ಲಿಯ ಹಳೆಯ ಗಾಜಿನ ಮೂಲ ಹುಡುಕುವವರು ಆ ದಿಕ್ಕಿಗೂ ನೋಡಬೇಕು. ತಳೇಗಾಂವದಲ್ಲಿ 1908ರಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡ್‌ನಿಂದ ಗಾಜಿನ ಕಾರ್ಖಾನೆ ಶುರುವಾಯಿತು. ಕರಾಡದ ಹತ್ತಿರ ಓಗಲೆ ಸಹೋದರರು 1916ರಲ್ಲಿ ಸ್ಥಾಪಿಸಿದ ಕಾರ್ಖಾನೆ 'ಪ್ರಭಾಕರ' ಕಂದೀಲಿನಿಂದ ಮನೆಮಾತಾಯಿತು. ನಿಮ್ಮ ಅಟ್ಟದ ಮೇಲೆ ಹಳೆಯ ಕಂದೀಲು ಇದ್ದರೆ ಧೂಳು ಒರೆಸಿ ಹೆಸರು ಓದಿರಿ.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಗೋಲಿಗಾಗಿ ಮಕ್ಕಳು ಒಡೆದ ಸೀಸೆಗಳಿಗೆ ಲೆಕ್ಕವಿಲ್ಲ. ಉಳಿದವು ಗುಜರಿಗೆ ಹೋಗುತ್ತಿವೆ. ಬಾಕಾರಾದ 'ಬಿ' ಕಾರ್ಖಾನೆಯ ಗುರುತೇ ಹೊರತು ಕುಲುಮೆಯ ಮುಂದೆ ಬೆವರು ಸುರಿಸಿದವನ ಹೆಸರಲ್ಲ. ಹಾಗೆಯೇ ಜಾತ್ರೆ, ಉರುಸು, ಸಂತೆಗಳಲ್ಲಿ ಕೈಯಂತ್ರ ತಿರುಗಿಸಿ ಸೋಡಾ ತುಂಬಿದವರ ಹೆಸರು ಸೀಸೆಯ ಮೇಲೆ ಇರಲೇಬೇಕೆಂದಿಲ್ಲ. ಅದು ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಸೀಸೆ ಒಡೆದರೆ ಅರ್ಧ ಇತಿಹಾಸ ಹೋಗುತ್ತದೆ, ಹಿರಿಯರು ಹೋದರೆ ಇನ್ನರ್ಧ.

ಆದುದರಿಂದ ದುಡ್ಡು ಕೊಟ್ಟು ಹಳೆಯ ಸೀಸೆ ಕೊಳ್ಳಬೇಡಿರಿ. ಹೊಸ ಸೀಸೆಯನ್ನೇ ಪುರಾತನವೆಂದು ಮಾರುವವರಿದ್ದಾರೆ. ಒಂದು ನೋಟುಪುಸ್ತಕ ಇಟ್ಟುಕೊಳ್ಳಿರಿ. ಸೀಸೆ ಸಿಕ್ಕ ಊರು, ಮನೆ, ಅದರ ಎತ್ತರ, ಬಣ್ಣ, ಅಕ್ಷರಗಳನ್ನು ಇದ್ದ ಹಾಗೆಯೇ ಬರೆಯಿರಿ. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರದ ಅಚ್ಚು ಮೂಡುತ್ತದೆ. ಆಮೇಲೆ ದಾದಾ, ನಾನಿಯವರ ಬಳಿ ಕುಳಿತು ಸೋಡಾ ಅಂಗಡಿ ಎಲ್ಲಿತ್ತು, ಯಾರು ನಡೆಸುತ್ತಿದ್ದರು ಎಂದು ಕೇಳಿರಿ. ಈ ರಜೆಯಲ್ಲಿ ಒಂದು ಪುಟ ತುಂಬಿದರೂ ನಮ್ಮ ಊರಿನ ಇತಿಹಾಸಕ್ಕೆ ಅದು ನಿಮ್ಮ ಕೊಡುಗೆಯಾಗುತ್ತದೆ.