ಹಾಸನ ಸೀಮೆಯ ‘ದೊಡ್ಡ ಸ್ವಾಮಿ’: ಫ್ರಾನ್ಸಿನ ಹುಡುಗನೊಬ್ಬ ನಮ್ಮ ನಡುವೆ ಬದುಕಿದ ಕಥೆ

ಬೆಂಗಳೂರಿಗೆ ಹೋಗಿ ಬರುವವರಲ್ಲಿ ಕೆಲವರು ಇವರನ್ನು ನೋಡಿರಬಹುದು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಹೆಚ್ಚೆಂದರೆ ಇಪ್ಪತ್ತು ವರ್ಷದ ಹುಡುಗರು, ಯಾವಾಗಲೂ ಇಬ್ಬಿಬ್ಬರಾಗಿ ಓಡಾಡುತ್ತಾರೆ. ಇವರು ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿಗಳು. ಪಂಥದ ಕೇಂದ್ರ ಅಮೆರಿಕದ ಯೂಟಾ ರಾಜ್ಯದಲ್ಲಿದೆ. ಅಲ್ಲಿನ ಗಂಡುಮಕ್ಕಳು 18 ತುಂಬಿದ ಮೇಲೆ ಎರಡು ವರ್ಷ ಮನೆ ಬಿಟ್ಟು, ಪಂಥ ಯಾವ ಊರು ಹೇಳುತ್ತದೋ ಅಲ್ಲಿಗೆ ಹೋಗುತ್ತಾರೆ. ಸಂಬಳ ಇಲ್ಲ. ಬೆಳಿಗ್ಗೆ ಬೇಗ ಎದ್ದು ಓದು, ಆಮೇಲೆ ಜನರ ಭೇಟಿ, ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು ಬಿಡುವು. ಮೊದಲೆಲ್ಲ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತು. 2019ರಿಂದ ವಾರಕ್ಕೊಮ್ಮೆ ಮಾಡಬಹುದು. ಬೆಂಗಳೂರಿನಲ್ಲಿ ಇವರ ಮಿಷನ್ ಶುರುವಾದದ್ದು 1993ರಲ್ಲಿ. ಮೀಸೆ ಸರಿಯಾಗಿ ಮೂಡದ ಈ ಹುಡುಗರನ್ನು ಅವರ ಪಂಥ ಕರೆಯುವುದು ‘ಎಲ್ಡರ್’, ಅಂದರೆ ಹಿರಿಯ ಎಂದು.

ಇದನ್ನು ಯಾಕೆ ಹೇಳುತ್ತಿದ್ದೇವೆ ಎಂದರೆ, ಹೀಗೆ ಮನೆ ಬಿಟ್ಟು ಬಂದ ಒಬ್ಬ ಹುಡುಗನ ಕಥೆ ನಮ್ಮ ಹಾಸನ ಜಿಲ್ಲೆಯ ನೆಲದಲ್ಲೂ ಇದೆ. ಅವನು ಮಾರ್ಮನ್ ಅಲ್ಲ, ಕಥೋಲಿಕ. ಎರಡು ವರ್ಷಕ್ಕೆ ವಾಪಸ್ ಹೋಗಲಿಲ್ಲ, ಮೂವತ್ತೊಂದು ವರ್ಷ ಉಳಿದ. ವಾರಕ್ಕೊಮ್ಮೆ ಫೋನ್ ಇರಲಿ, ಊರಿನಿಂದ ಕಾಗದ ಬರಬೇಕಾದರೂ ಹಡಗು ಆಫ್ರಿಕಾವನ್ನು ಸುತ್ತಿ ತಿಂಗಳುಗಟ್ಟಲೆ ತೇಲಿ ಬರಬೇಕಿತ್ತು.

ಊರಿಲ್ಲದವನಾದ ಪಾದ್ರಿ

ಹೆಸರು ಝಾನ್ ಆಂತ್ವಾನ್ ದುಬ್ವಾ. ಪುಸ್ತಕಗಳಲ್ಲಿ ‘ಅಬ್ಬೆ ದುಬ್ವಾ’ ಅಥವಾ ‘ಅಬ್ಬೆ ದುಬಾಯ್’ ಎಂದು ಕಾಣುತ್ತದೆ. ಅಬ್ಬೆ ಅಂದರೆ ಹೆಸರಲ್ಲ, ಫ್ರೆಂಚರು ಪಾದ್ರಿಗಳಿಗೆ ಕೊಡುವ ಗೌರವದ ಮಾತು. ಹುಟ್ಟಿದ್ದು 1765ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಎಂಬ ಗುಡ್ಡಗಾಡು ಸೀಮೆಯ ಒಂದು ಹಳ್ಳಿಯಲ್ಲಿ. 1792ರಲ್ಲಿ ಪಾದ್ರಿ ದೀಕ್ಷೆ ಸಿಕ್ಕಿತು. ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು.

ಆ ವರ್ಷ ನೆನಪಿಡಿ. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹತ್ತಿತ್ತು. ಪಾದ್ರಿಗಳನ್ನು ಹಿಡಿದು ಕೊಲ್ಲುತ್ತಿದ್ದರು. ದುಬ್ವಾ ಅವರನ್ನು ಕಳಿಸಿದ ಪ್ಯಾರಿಸ್‌ನ ಮಿಷನ್ ಸಂಸ್ಥೆಯೇ ಮುಚ್ಚಿಹೋಯಿತು. ಮರುವರ್ಷ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಶುರುವಾಯಿತು. ಅಂದರೆ ಈ ಹುಡುಗನಿಗೆ ಹಿಂದೆ ಹೋಗಲು ದಾರಿ ಇಲ್ಲ, ಮುಂದೆ ಇರುವುದು ಶತ್ರು ದೇಶದವರಾದ ಇಂಗ್ಲಿಷರ ಆಡಳಿತ.

ಮೊದಲ ಏಳೆಂಟು ವರ್ಷ ತಮಿಳು ಸೀಮೆಯಲ್ಲಿ ಕಳೆಯಿತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಹೋಯಿತು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಬದುಕುಳಿದವರು, ಯುದ್ಧದಲ್ಲಿ ದಿಕ್ಕೆಟ್ಟ ಬೇರೆ ಕುಟುಂಬಗಳು, ಎಲ್ಲರೂ ಚದುರಿ ಹೋಗಿದ್ದರು. ಅವರನ್ನು ಮತ್ತೆ ಒಂದು ಕಡೆ ಸೇರಿಸುವ ಕೆಲಸಕ್ಕೆ ದುಬ್ವಾ ಮೈಸೂರು ಸೀಮೆಗೆ ಬಂದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇವರ ಹೆಸರಿನೊಂದಿಗೆ ಗುರುತಿಸುವ ಚರ್ಚ್ ಇಂದಿಗೂ ಇದೆ.

ಹಾಸನದ ಹತ್ತಿರ, ಹಳೆಯ ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಸಾತಳ್ಳಿ’ ಎಂದು ಕಾಣುವ ಊರಿನಲ್ಲಿ, ಇವರು ಬೇಸಾಯದ ಒಂದು ನೆಲೆ ಕಟ್ಟಿದರು. ಬರೀ ಪ್ರಾರ್ಥನೆ ಹೇಳಿಕೊಟ್ಟರೆ ಹೊಟ್ಟೆ ತುಂಬುವುದಿಲ್ಲ, ಜಮೀನು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಆ ನೆಲೆಯಿಂದ ಸುತ್ತಲ ಹಳ್ಳಿಗಳಿಗೆ ಕ್ರೈಸ್ತ ಒಕ್ಕಲುತನ ಹರಡಿತು. ಅದರಲ್ಲಿ ಬೇರೆ ಬೇರೆ ಜಾತಿಯಿಂದ ಬಂದವರಿದ್ದರು. ಮದುವೆ, ಉಡುಗೆ, ನಂಟಸ್ತಿಕೆಯಲ್ಲಿ ಹಳೆಯ ಪದ್ಧತಿಗಳನ್ನು ಬಹುಪಾಲು ಹಾಗೇ ಉಳಿಸಿಕೊಂಡರು.

ಬಟ್ಟೆ ಬದಲಾಯಿತು, ಬಾಗಿಲು ತೆರೆಯಿತು

ದಿನನಿತ್ಯ ಹೇಗಿದ್ದರು ಎಂಬುದನ್ನು ದುಬ್ವಾ ಅವರೇ ಬರೆದಿಟ್ಟಿದ್ದಾರೆ. ಬಂದ ಹೊಸತರಲ್ಲೇ ಒಂದು ವಿಷಯ ಅವರಿಗೆ ಹೊಳೆಯಿತು. ಜನ ನಂಬಬೇಕಾದರೆ ಜನರ ಹಾಗೆ ಇರಬೇಕು. ಯುರೋಪಿನವರ ಸಹವಾಸ ಕಡಿಮೆ ಮಾಡಿದರು. ಇಲ್ಲಿನ ಬಟ್ಟೆ ಉಟ್ಟರು, ಇಲ್ಲಿನ ನಡೆನುಡಿ ಕಲಿತರು. ತಮಗೆ ಒಪ್ಪದ ಆಚಾರ ಕಂಡಾಗಲೂ ಮುಖ ಸಿಂಡರಿಸದೆ ಇರುವುದನ್ನು ರೂಢಿಸಿಕೊಂಡರು. ಇದರಿಂದ ಎಲ್ಲ ಕಡೆ ಸ್ವಾಗತ ಸಿಕ್ಕಿತು, ಕೇಳದಿದ್ದರೂ ಜನ ತಾವಾಗಿ ಎಷ್ಟೋ ವಿಷಯ ಹೇಳಿದರು ಎನ್ನುತ್ತಾರೆ. ತಲೆಗೆ ರುಮಾಲು ಸುತ್ತಿ, ಬಿಳಿ ನಿಲುವಂಗಿ ತೊಟ್ಟ ಅವರ ಚಿತ್ರವನ್ನು ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದಿದ್ದಾನೆ. ಚಿತ್ರ ನೋಡಿದರೆ ಪಾದ್ರಿ ಎನ್ನುವುದಕ್ಕಿಂತ ಯಾವುದೋ ಮಠದ ಸ್ವಾಮಿ ಎನ್ನಿಸುತ್ತದೆ. ನಮ್ಮ ಸೀಮೆಯ ಜನ ಅವರನ್ನು ಕರೆದದ್ದೂ ‘ದೊಡ್ಡ ಸ್ವಾಮಿಯವರು’ ಎಂದೇ.

ಇದು ನಡೆದದ್ದರಲ್ಲಿ ಆಶ್ಚರ್ಯ ಇಲ್ಲ. ಮನೆಮಠ ಬಿಟ್ಟು ಊರೂರು ಅಲೆಯುವವರು ನಮ್ಮ ಸೀಮೆಗೆ ಹೊಸಬರಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳಕ್ಕೆ ಬರಿಗಾಲಲ್ಲಿ ನಡೆದು ಬರುವ ಜೈನ ಮುನಿಗಳನ್ನು, ಮನೆ ಮುಂದೆ ನಿಲ್ಲುವ ದಾಸಯ್ಯನನ್ನು, ಜಂಗಮನನ್ನು ನಮ್ಮ ಅಜ್ಜಂದಿರು ನೋಡಿಯೇ ಬೆಳೆದರು. ಬಿಟ್ಟು ಬಂದವನಿಗೆ ಒಂದು ಗೌರವ ಇತ್ತು. ದುಬ್ವಾ ಆ ಗೌರವದೊಳಗೆ ಜಾಗ ಮಾಡಿಕೊಂಡರು. ಬೆಳಗೊಳದ ದೊಡ್ಡ ವಿಗ್ರಹದ ವಿಚಾರವನ್ನೂ ಜೈನರ ಆಚಾರಗಳನ್ನೂ ತಮ್ಮ ಪುಸ್ತಕದಲ್ಲಿ ಸೇರಿಸಿದರು.

ಆ ಪುಸ್ತಕವೇ ಅವರನ್ನು ಜಗತ್ತಿಗೆ ಪರಿಚಯಿಸಿದ್ದು. ಹಿಂದೂಗಳ ನಡೆನುಡಿ, ಹಬ್ಬಹರಿದಿನ, ಮಡಿಮೈಲಿಗೆ ಕುರಿತ ಹಸ್ತಪ್ರತಿಯನ್ನು 1807ರಲ್ಲಿ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಕಂಪನಿ ಪರವಾಗಿ 2,000 ವರಹ ಕೊಟ್ಟು ಕೊಂಡರು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ನಮ್ಮನ್ನು ಆಳಲು ಬಂದ ಅಧಿಕಾರಿಗಳು ನಮ್ಮ ಬಗ್ಗೆ ತಿಳಿಯಲು ಬಹುಕಾಲ ಇದನ್ನು ಓದಿದರು.

ಆದರೆ ಇದರಲ್ಲಿರುವುದೆಲ್ಲ ಅವರು ಕಣ್ಣಾರೆ ಕಂಡದ್ದಲ್ಲ. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಸ್ತಕದ ದೊಡ್ಡ ಭಾಗ ಅದಕ್ಕೂ ಹಿಂದಿನ ಕೂರ್ದು ಎಂಬ ಪಾದ್ರಿಯ ಬರಹದಿಂದ ಬಂದದ್ದು ಎಂದು ತೋರಿಸಿದರು. ದುಬ್ವಾ ಆ ಹೆಸರನ್ನೇ ಹೇಳಿರಲಿಲ್ಲ. ವರದಿ ಬರೆಯುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಇನ್ನೊಬ್ಬರು ಕಂಡದ್ದನ್ನು ನಾನು ಕಂಡೆ ಎಂದು ಬರೆದರೆ, ಇನ್ನೂರು ವರ್ಷ ಆದ ಮೇಲಾದರೂ ಒಬ್ಬರು ಹಿಡಿಯುತ್ತಾರೆ.

ಯಾರ ಹಾಗೆ ಬದುಕಿದರು?

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದುಬ್ವಾ ‘ನಮ್ಮ ಹಾಗೆ’ ಬದುಕಿದರು ಎನ್ನುತ್ತೇವೆ. ನಮ್ಮಲ್ಲಿ ಯಾರ ಹಾಗೆ?

ಅವತ್ತಿನ ಊರು ಒಂದೇ ಊರಾಗಿರಲಿಲ್ಲ. ಅಗ್ರಹಾರ ಬೇರೆ, ಒಕ್ಕಲಿಗರ ಕೇರಿ ಬೇರೆ, ಹೊಲಗೇರಿ ಊರಾಚೆ. ಮೇಲಿನ ಕೇರಿಗಳಲ್ಲಿ ಸ್ವಾಗತ ಬೇಕಾದರೆ ಆ ಕೇರಿಯ ಕಟ್ಟಳೆ ಒಪ್ಪಬೇಕು. ದುಬ್ವಾ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಜಾತಿ ಪದ್ಧತಿಯಿಂದಲೇ ಈ ಸಮಾಜ ಕುಸಿಯದೆ ನಿಂತಿದೆ ಎಂದು ಹೊಗಳಿ ಬರೆದರು. ಅದೇ ಕೈಯಲ್ಲಿ ಊರಾಚೆಯ ಜನರನ್ನು ಕೀಳಾಗಿ ಬರೆದರು.

1823ರಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿ ಕುರಿತು ಇಂಗ್ಲಿಷಿನಲ್ಲಿ ಅವರ ಪತ್ರಗಳು ಪ್ರಕಟವಾದವು. ಅದರಲ್ಲಿ ಅವರು ಮಿಷನರಿಗಳೇ ಬೆಚ್ಚುವಂಥ ಮಾತು ಹೇಳಿದರು. ಇಲ್ಲಿಯ ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಕೆಲಸ ಎಂದರು. ಇಪ್ಪತ್ತೈದು ವರ್ಷದ ದುಡಿಮೆಯಲ್ಲಿ, ಸಹಾಯಕ್ಕೆ ಇಲ್ಲಿಯವರೇ ಆದ ಇನ್ನೊಬ್ಬ ಪಾದ್ರಿ ಇದ್ದೂ, ಮತಕ್ಕೆ ಬಂದವರು ಇನ್ನೂರರಿಂದ ಮುನ್ನೂರು ಜನ ಮಾತ್ರ ಎಂದು ಲೆಕ್ಕ ಒಪ್ಪಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಊರಾಚೆಯವರು ಮತ್ತು ಭಿಕ್ಷುಕರು ಎಂದು ಬೇಸರದಿಂದ ಬರೆದರು.

ಆ ಬೇಸರವನ್ನೇ ಇನ್ನೊಂದು ಕಡೆಯಿಂದ ನೋಡಿ. ಬಾಗಿಲು ತಟ್ಟಿ ಒಳಗೆ ಬಂದವರು ಯಾರು? ಬೇರೆ ಯಾವ ಬಾಗಿಲೂ ತೆರೆಯದವರು. ಅವರನ್ನು ದುಬ್ವಾ ಲೆಕ್ಕದ ಸೋಲು ಎಂದು ಕಂಡರು. ಹೊಸಬನೊಬ್ಬ ಊರಿಗೆ ಬಂದು ಮೊದಲು ಯಾರ ಜಗಲಿ ಮೇಲೆ ಕೂರುತ್ತಾನೋ, ಅವನ ಬರಹದಲ್ಲಿ ಊರು ಆ ಜಗಲಿಯಿಂದ ಕಂಡ ಹಾಗೇ ಇರುತ್ತದೆ. ಇದು ಪಾದ್ರಿಗೂ ಸರಿ, ಪತ್ರಕರ್ತನಿಗೂ ಸರಿ, ಸಮೀಕ್ಷೆಗೆ ಬರುವ ಅಧಿಕಾರಿಗೂ ಸರಿ.

ತೋಳಿನಿಂದ ತೋಳಿಗೆ

ಆದರೆ ದುಬ್ವಾ ಮಾಡಿದ ಇನ್ನೊಂದು ಕೆಲಸ ಇದೆ. ಅದು ಸಿಡುಬಿನದು.

‘ಅಮ್ಮ ಬಂದಿದೆ’ ಎಂದರೆ ಆಗ ಮನೆಗೆ ಬೇವಿನ ಸೊಪ್ಪು ಕಟ್ಟಿ ಮಾರಮ್ಮನಿಗೆ ಹರಕೆ ಹೊರುವುದೇ ದಾರಿ. ಮಕ್ಕಳು ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರ ಕಣ್ಣು ಹೋಗುತ್ತಿತ್ತು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಸುವಿಗೆ ಬರುವ ಸಿಡುಬಿನ ರಸ ಮನುಷ್ಯನ ತೋಳಿಗೆ ಹಾಕಿದರೆ ದೊಡ್ಡ ಸಿಡುಬು ಬರುವುದಿಲ್ಲ ಎಂದು 1798ರಲ್ಲಿ ಪ್ರಕಟಿಸಿದ್ದ. 1802ರ ಜೂನ್‌ನಲ್ಲಿ ಬೊಂಬಾಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಭಾರತದ ಮೊದಲ ದಾಕು ಬಿತ್ತು. ಮೈಸೂರು ಸೀಮೆಯಲ್ಲಿ ದುಬ್ವಾ ಈ ಕೆಲಸ ಕೈಗೆತ್ತಿಕೊಂಡರು. 1803–04ರ ದಾಖಲೆಯಲ್ಲಿ 25,432 ಜನರಿಗೆ ದಾಕು ಹಾಕಿದ ಲೆಕ್ಕ ಇದೆ.

ಆಗ ಫ್ರಿಜ್ ಇಲ್ಲ, ಬಾಟಲಿ ಇಲ್ಲ. ಒಂದು ಮಗುವಿನ ತೋಳಿನಲ್ಲಿ ಗುಳ್ಳೆ ಎದ್ದು, ಸುಮಾರು ಎಂಟನೇ ದಿನ ಅದರ ರಸ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಸರಪಳಿ ಎಲ್ಲೂ ಕಡಿಯಬಾರದು. ಯಾರ ತೋಳಿನ ರಸ ಯಾರ ತೋಳಿಗೆ ಎಂಬ ತಕರಾರು ದೇಶದ ಹಲವು ಕಡೆ ಎದ್ದಿತ್ತು. ಜಾತಿ ಒಪ್ಪದ ನಂಟು ಇದು. ಊರಿನ ಕಟ್ಟಳೆ ಒಪ್ಪಿ ಬದುಕಿದ ಪಾದ್ರಿ ಕೈಹಾಕಿದ ಈ ಕೆಲಸಕ್ಕೆ ಕೇರಿಗಳ ಗಡಿ ದಾಟದೆ ಗತಿ ಇರಲಿಲ್ಲ. ನಂಬಿಕೆ ಗಳಿಸಿದವರ ಮಾತಿಗೆ ಜನ ಮಕ್ಕಳ ತೋಳು ಕೊಟ್ಟರು ಎಂದೇ ನಾವು ತಿಳಿಯುತ್ತೇವೆ. ಮನುಷ್ಯರು ಹೀಗೇ, ಒಂದೇ ಅಳತೆಗೆ ಸಿಗುವುದಿಲ್ಲ.

1823ರಲ್ಲಿ ದುಬ್ವಾ ಕಂಪನಿ ಕೊಟ್ಟ ಪಿಂಚಣಿಯೊಂದಿಗೆ ಪ್ಯಾರಿಸ್‌ಗೆ ಮರಳಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. 1848ರಲ್ಲಿ ತೀರಿಕೊಂಡರು. ಮತ್ತೆ ಈ ಕಡೆ ಬರಲಿಲ್ಲ.

ಅವರ ಬಳಿಕ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಹೇಮಾವತಿ ದಂಡೆಯ ಶೆಟ್ಟಿಹಳ್ಳಿಯಲ್ಲಿ ದೊಡ್ಡ ಚರ್ಚ್ ಕಟ್ಟಿದರು. ಗೊರೂರು ಅಣೆಕಟ್ಟು ಬಂದಾಗ ಊರು ಮುಳುಗಡೆಯಾಯಿತು. ಮಳೆಗಾಲದಲ್ಲಿ ನೀರಲ್ಲಿ ನಿಲ್ಲುವ ಆ ಗೋಡೆಗಳ ಮುಂದೆ ಈಗ ಜನ ಸೆಲ್ಫಿ ತೆಗೆಯುತ್ತಾರೆ. ಅಲ್ಲಿ ಹೊಲ ಕಳೆದುಕೊಂಡವರಲ್ಲಿ ಎಲ್ಲ ಜಾತಿ, ಎಲ್ಲ ಮತದವರಿದ್ದರು. ಆ ನೀರೇ ಇವತ್ತು ಕಾಲುವೆಗಳಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಹರಿದು ಬೆಳೆ ಬೆಳೆಸುತ್ತಿದೆ.

ಈಗ ಮಿಷನರಿ ಎಂಬ ಮಾತು ಕೇಳಿದರೆ ವಾಟ್ಸ್ಆ್ಯಪ್‌ನಲ್ಲಿ ಎರಡೇ ಕಥೆ ಓಡಾಡುತ್ತವೆ. ಒಂದರಲ್ಲಿ ಅವರು ದೇವರು, ಇನ್ನೊಂದರಲ್ಲಿ ದೆವ್ವ. ದುಬ್ವಾ ಅವರ ಬದುಕು ಎರಡಕ್ಕೂ ಒಗ್ಗುವುದಿಲ್ಲ. ಸಿಡುಬು ನಮ್ಮ ದೇಶದಿಂದ 1975ರಲ್ಲಿ, ಇಡೀ ಜಗತ್ತಿನಿಂದ ಹೋಯಿತೆಂದು 1980ರಲ್ಲಿ ಘೋಷಣೆಯಾಯಿತು. ನಿಮ್ಮ ಮನೆಯಲ್ಲಿ ವಯಸ್ಸಾದ ಅಜ್ಜಿ ತಾತ ಇದ್ದರೆ ಅವರ ತೋಳಿನ ದಾಕಿನ ಗುರುತು ನೋಡಿ, ಯಾರು ಹಾಕಿದರು, ಊರಿನಲ್ಲಿ ಯಾರೆಲ್ಲ ಹಾಕಿಸಿಕೊಳ್ಳಲು ಒಪ್ಪಲಿಲ್ಲ ಎಂದು ಕೇಳಿ. ಶೆಟ್ಟಿಹಳ್ಳಿ ಕಡೆಯಿಂದ ಎದ್ದು ಬಂದ ಮನೆತನದವರಿದ್ದರೆ ಅವರ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಪಾದ್ರಿ ಬರೆದದ್ದು ಅಚ್ಚಾಗಿ ಉಳಿದಿದೆ. ಪಾದ್ರಿಯನ್ನು ನೋಡಿದ ಊರಿನವರು ಏನಂದುಕೊಂಡರು ಎಂಬುದು ಅಚ್ಚಾಗಲಿಲ್ಲ. ಅದರ ಚೂರುಪಾರು ಇನ್ನೂ ಇದ್ದರೆ ನಿಮ್ಮ ಮನೆಗಳಲ್ಲೇ ಇರಬೇಕು.